ನನ್ ಮಷೀನಲ್ಲಿ ಓಡ್ತಾ ಇದೆಯಲ್ಲ!

ಕಂಪ್ಯೂಟರ್ ಕೆಲಸದವರ ನಡುವೆ 'ನನ್ ಮಷೀನಲ್ಲಿ ಓಡ್ತಾ ಇದೆಯಲ್ಲ' ಎನ್ನುವ ಮಹಾಶಯನನ್ನು ಸುಳ್ಳುಗಾರನೆಂದು ಬೈಯುವುದು ವಾಡಿಕೆ. ಇದು ಅನ್ಯಾಯ. ಅವನು ಆಡುವುದು ಅಪ್ಪಟ ನಿಜ, ತಾಪತ್ರಯ ಶುರುವಾಗುವುದೇ ಆ ನಿಜದಿಂದ. ಅವನ ಲ್ಯಾಪ್‌ಟಾಪ್ ಹಳೇ ಮನೆಯ ಅಟ್ಟದಂಥದ್ದು. ಯಾವ ಸಾಮಾನು ಯಾವ ಕಾಲದಲ್ಲಿ ಮೇಲೇರಿತೋ ಏರಿಸಿದವನಿಗೇ ನೆನಪಿಲ್ಲ. 2020ರ ಜನವರಿ 1ಕ್ಕೆ ಬೆಂಬಲ ನಿಂತುಹೋದ ಪೈಥಾನ್ 2 ಒಂದು ಮೂಲೆಯಲ್ಲಿ, ಪೈಥಾನ್ 3ರ ಮೂರು ತಲೆಮಾರು ಇನ್ನೊಂದು ಮೂಲೆಯಲ್ಲಿ. ಪಿಪ್ ಎಂಬ ಸಾಮಾನು ತರುವ ಆಳು ಲೈಬ್ರರಿಯನ್ನು ಒಂದು ಪೈಥಾನಿಗೆ ತುಂಬಿದರೆ ಪ್ರೋಗ್ರಾಂ ಇನ್ನೊಂದರಲ್ಲಿ ಹುಡುಕುತ್ತದೆ. 'ಆಗಲೇ ಹಾಕಿಯಾಗಿದೆ' ಎಂದು ಅದು, 'ಅಂಥದ್ದು ಇಲ್ಲವೇ ಇಲ್ಲ' ಎಂದು ಇದು. ಇಷ್ಟಾದರೂ ಅಲ್ಲಿ ಎಲ್ಲವೂ ಓಡುತ್ತದೆ, ಬೇರೆಲ್ಲೂ ಓಡುವುದಿಲ್ಲ.

ಬೇಕಾದ ಲೈಬ್ರರಿಗಳ ಪಟ್ಟಿಯೆಂದು ಅವನು ಕೊಡುವ ರಿಕ್ವೈರ್‌ಮೆಂಟ್ಸ್ ಫೈಲನ್ನು ತೆರೆದು ನೋಡಬೇಕು. ನಂಪೈ, ಪಾಂಡಾಸ್ ಎಂದು ಸಾಲಾಗಿ ಹೆಸರುಗಳು, ಒಂದರ ಮುಂದೂ ಆವೃತ್ತಿಯ ಸಂಖ್ಯೆಯಿಲ್ಲ. ಸಾರಿನ ಪುಡಿಯ ಅಳತೆ ಕೇಳಿದರೆ 'ಧನಿಯಾ ಒಂದಿಷ್ಟು, ಮೆಂತ್ಯ ಚೂರು, ಎಲ್ಲಾ ಕಣ್ಣಂದಾಜು' ಎನ್ನುವ ಸೋದರತ್ತೆಯ ಹಾಗೆ. ಅತ್ತೆಯ ಅಂದಾಜು ಅತ್ತೆಯ ಕೈಯಲ್ಲಿದೆ, ಇವನದು ಲ್ಯಾಪ್‌ಟಾಪಿನಲ್ಲಿದೆ. ಸಂಖ್ಯೆ ಹೇಳದಿದ್ದರೆ ಪಿಪ್ ಸಾಮಾನ್ಯವಾಗಿ ತರುವುದು ಹೊಚ್ಚ ಹೊಸದನ್ನು. ನಂಪೈ 2006ರಲ್ಲಿ 1.0 ಆದದ್ದು, 2024ರ ಜೂನಿನಲ್ಲಿ 2.0 ಆಯಿತು, ಒಂದಕ್ಕೆಂದು ಕಂಪೈಲ್ ಆಗಿದ್ದ ಹಳೇ ಲೈಬ್ರರಿಗಳು ಎರಡರ ಜೊತೆ ಬಾಳಲಾರೆವು ಎಂದವು. ಫೈಲಿನಲ್ಲಿ ಒಂದಕ್ಷರ ಬದಲಾಗದೆ, ನಿನ್ನೆ ಸೇರಿದ ಹುಡುಗಿಯ ಪರದೆ ಕೆಂಪಾಯಿತು. (ನಲವತ್ತು ಸಾಲಿನ ಆ ಎರರ್‌ನಲ್ಲಿ ಓದಬೇಕಾದ್ದು ಕೊನೆಯದೊಂದೇ ಎಂದು ಗೊತ್ತಿದ್ದೂ ನಾವೆಲ್ಲ ಪಂಚಾಂಗ ಓದಿದಂತೆ ಮೊದಲಿನಿಂದ ಓದುತ್ತೇವೆ.) ಸಂಖ್ಯೆ ಹಾಕಿಕೊಡಪ್ಪಾ ಎಂದು ಗೋಗರೆದರೆ ಮಹಾಶಯ ಇನ್ನೊಂದು ತುದಿಗೆ ಹಾರುತ್ತಾನೆ. 'ಪಿಪ್ ಫ್ರೀಝ್' ಒತ್ತಿ ಇಡೀ ಅಟ್ಟವನ್ನೇ ಕಳಿಸುತ್ತಾನೆ: ಇನ್ನೂರು ಸಾಲು, ಎಂದೋ ಆಟಕ್ಕೆ ಹಾಕಿಕೊಂಡ ಲೈಬ್ರರಿಯೂ ಸೇರಿ. ನಡುವೆ ಒಂದು ಸಾಲು ಅವನದೇ ಡೌನ್‌ಲೋಡ್ಸ್ ಫೋಲ್ಡರಿನ ವಿಳಾಸ!

ತಪ್ಪು ಲೈಬ್ರರಿ ಬರೆದವರದಲ್ಲವೇ, ಆವೃತ್ತಿಗೊಂದು ನಿಯಮವಿದೆಯಲ್ಲ ಎನ್ನಬಹುದು. ಇದೆ. ಮೂರು ಅಂಕಿಗಳಲ್ಲಿ ಮೊದಲನೆಯದು ಬದಲಾದರೆ ಮಾತ್ರ ಹಳೆಯದು ಮುರಿಯಬಹುದು ಎಂಬ ಒಪ್ಪಂದ. ಆದರೆ ಅದು ಎಲ್ಲರೂ ಕೈಹೊಡೆದು ಕೊಟ್ಟ ಮಾತಲ್ಲ. ಪೈಥಾನೇ 2023ರ ಅಕ್ಟೋಬರಿನಲ್ಲಿ 3.12 ಆದಾಗ, ಎಷ್ಟೋ ಹಳೇ ಲೈಬ್ರರಿಗಳು ಇನ್‌ಸ್ಟಾಲ್ ಆಗಲು ನೆಚ್ಚಿದ್ದ ಡಿಸ್ಟ್‌ಯುಟಿಲ್ಸನ್ನು ಎತ್ತಿಹಾಕಿತು. ಬದಲಾದದ್ದು ನಡುವಿನ ಅಂಕಿ. ಪ್ರತಿ ಪ್ರಾಜೆಕ್ಟಿಗೂ ಬೇರೆ ಒಲೆ ಹೂಡುವ 'ವೆನ್ವ್' 2012ರಿಂದಲೇ ಪೈಥಾನಿನೊಳಗಿದೆ, ಬಳಸಬಾರದೇ ಎನ್ನುವವರಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಬಳಸದೆ ಕೆಟ್ಟವರಲ್ಲಿ ಈ ಉಪದೇಶ ಮಾಡುತ್ತಿರುವವನೂ ಸೇರಿದ್ದಾನೆ. ಇನ್ನು 2013ರಲ್ಲಿ ಬಂದ ಡಾಕರ್ ಮಾಡಿದ್ದೇನು? ನಿನ್ನ ಮಷೀನಲ್ಲಿ ಮಾತ್ರ ಓಡುತ್ತದೋ, ಹಾಗಾದರೆ ಮಷೀನನ್ನೇ ಕಟ್ಟಿ ಕಳಿಸು ಎಂದಿತು. ಮಹಾಶಯನ ಒಂದು ವಾಕ್ಯಕ್ಕೆ ಇಡೀ ಉದ್ಯಮವೇ ಸೋತು ಶರಣಾಯಿತು.

ಅವನನ್ನು ದ್ವೇಷಿಸುವುದೂ ಕಷ್ಟ. ರಾತ್ರಿ ಒಂಬತ್ತಕ್ಕೆ ಕರೆದರೂ ಬರುತ್ತಾನೆ, 'ಸರೀರಿ ಸ್ವಲ್ಪ' ಎಂದು ಕುರ್ಚಿ ಎಳೆದುಕೊಳ್ಳುತ್ತಾನೆ, ಪಟಪಟನೆ ಏನೋ ಕುಟ್ಟುತ್ತಾನೆ, ಓಡುತ್ತದೆ. ಏನು ಮಾಡಿದೆ ಎಂದರೆ 'ಏನಿಲ್ಲ, ಒಂದು ಡೌನ್‌ಗ್ರೇಡ್' ಎಂದು ಕಾಫಿಗೆ ಹೊರಡುತ್ತಾನೆ. ಒಂದು ದಿನ ಕೆಲಸವನ್ನೇ ಬಿಟ್ಟು ಹೊರಡುತ್ತಾನೆ. ಐಟಿ ವಿಭಾಗದವರು ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿ ಹೊಸಬರ ಕೈಗೆ ಕೊಡುತ್ತಾರೆ. ಓಡುತ್ತಿದ್ದ ಒಂದೇ ಒಂದು ಜಾಗವೂ ಹೋಯಿತು. ನಾಚಿಕೆ ಬಿಟ್ಟು ವಾಟ್ಸ್ಆ್ಯಪ್ ಮಾಡಿದರೆ ಉತ್ತರ ನಿಮಿಷದಲ್ಲಿ ಬರುತ್ತದೆ: 'ನಿಮ್ದು ಯಾವ ವರ್ಷನ್?'