ಹಣೆ, ಫ್ಯಾನು ಮತ್ತು ಭವಿಷ್ಯ

ನಿಜ ಹೇಳಿ, ಇವತ್ತು ಬೆಳಿಗ್ಗೆ ಹಲ್ಲುಜ್ಜೋಕೂ ಮೊದಲು ಒಂದು ಫಾರ್ವರ್ಡ್ ದಾಟಿಸಿದಿರಿ ತಾನೇ? ‘ಇನ್ನೈದು ವರ್ಷದಲ್ಲಿ ಈ ಹತ್ತು ಕೆಲಸ ಮಾಯ!’ ಅಂತ. ಪೂರ್ತಿ ಓದಿದಿರಾ? ಎಲ್ಲಿ ಓದ್ತೀರಿ! ಪಟ್ಟಿಯಲ್ಲಿ ನಿಮ್ಮ ಕೆಲಸ ಇಲ್ಲ, ಭಾವಮೈದುನನ ಕೆಲಸ ಇದೆ. ಅಷ್ಟು ಸಾಕಾಯ್ತು, ಫ್ಯಾಮಿಲಿ ಗ್ರೂಪಿಗೆ ತಳ್ಳಿದಿರಿ. (ಜೊತೆಗೆ ಕೈಮುಗಿಯೋ ಇಮೋಜಿ ಬೇರೆ. ಅದ್ಯಾಕೋ!)

ಭವಿಷ್ಯ ಕೇಳೋ ಚಪಲ ನಮಗೇನು ಹೊಸದಲ್ಲ ಬಿಡಿ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದ್ರೆ ಇಡೀ ಜನಸಾಗರ ಉಸಿರು ಬಿಗಿಹಿಡಿಯುತ್ತೆ. ಅವನು ನುಡಿಯೋ ಕಾರ್ಣಿಕ ಒಂದೇ ಮಾತು. ರೈತ ಅದರಲ್ಲಿ ಮಳೆ ಹುಡುಕ್ತಾನೆ, ರಾಜಕಾರಣಿ ಕುರ್ಚಿ ಹುಡುಕ್ತಾನೆ. ಟೆಕ್ನಾಲಜಿ ಭವಿಷ್ಯ ಹೇಳೋರದ್ದೂ ಹೆಚ್ಚೂಕಡಿಮೆ ಇದೇ ಕಸುಬು. ಆದರೆ ಅವರು ಮುನ್ನೂರು ಪುಟ ನುಡೀತಾರೆ, ಅಲ್ಲಿ ‘ಸದ್ದಲೇ’ ಅನ್ನೋ ಪುಣ್ಯಾತ್ಮ ಒಬ್ಬನೂ ಇಲ್ಲ.

ತಮಾಷೆ ಅಂದ್ಕೋಬೇಡಿ, ಇದಕ್ಕೇ ಅಂತ ಸರ್ಕಾರಿ ಆಫೀಸುಗಳೂ ಇದ್ದವು. ಹೊಸ ಯಂತ್ರ ಬಂದ್ರೆ ಒಳ್ಳೇದೆಷ್ಟು, ಕೆಡುಕೆಷ್ಟು ಅಂತ ಅಳೆಯೋಕೆ ಅಮೆರಿಕದ ಸಂಸತ್ತು 1972ರಲ್ಲಿ ಒಂದು ಕಚೇರಿ ಮಾಡ್ಕೊಂಡಿತ್ತು. 1995ರಲ್ಲಿ ಖರ್ಚು ಜಾಸ್ತಿ ಅಂತ ಬಾಗಿಲು ಹಾಕ್ತು. (ಇಂಟರ್ನೆಟ್ಟು ಮನೆಮನೆಗೆ ನುಗ್ತಿದ್ದ ಹೊತ್ತಿಗೆ ಸರಿಯಾಗಿ! ಮೋಡ ಕಟ್ಟಿದಾಗ ಕೊಡೆ ಮಾರಿದ ಹಾಗೆ.) ನಮ್ಮಲ್ಲೂ 1988ರಲ್ಲಿ ಟೈಫ್ಯಾಕ್ ಅನ್ನೋ ಇಂಥದ್ದೇ ಒಂದು ಸಂಸ್ಥೆ ಹುಟ್ಟಿತು. ಅಬ್ದುಲ್ ಕಲಾಂ ಅದರ ಅಧ್ಯಕ್ಷರಾಗಿದ್ದಾಗ, 1996ರಲ್ಲಿ, 2020ರ ಭಾರತ ಹೇಗಿರಬೇಕು ಅಂತ ಕಂತೆಗಟ್ಟಲೆ ವರದಿ ಬಂತು. 2020 ಬಂದಾಗ ನೀವೆಲ್ಲಿದ್ರಿ? ಕೊರೊನಾಕ್ಕೆ ಹೆದರಿ ಬಾಲ್ಕನಿಯಲ್ಲಿ. ಕೈಯಲ್ಲಿ ತಟ್ಟೆ, ಸೌಟು.

ಈಗ ನನ್ನ ಅಚ್ಚುಮೆಚ್ಚಿನ ಕಥೆ ಕೇಳಿ. 1964ರಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಎಟಿ ಆ್ಯಂಡ್ ಟಿ ಕಂಪನಿ ಮುಖ ತೋರಿಸೋ ಫೋನ್ ಇಟ್ಟಿತ್ತು. ಹೆಸರು ಪಿಕ್ಚರ್‌ಫೋನ್. 1970ರಲ್ಲಿ ಪಿಟ್ಸ್‌ಬರ್ಗ್ ಊರಲ್ಲಿ ಅಂಗಡಿ ತೆರೀತು, ತಿಂಗಳಿಗೆ 160 ಡಾಲರ್ ಬಾಡಿಗೆ. ಗಿರಾಕಿಗಳೇ ಇಲ್ಲ! ಕೆಲವೇ ವರ್ಷಕ್ಕೆ ಕಂಪನಿ ಕೈಚೆಲ್ಲಿ ಕೂತಿತು.

ಹಾಗಾದ್ರೆ ಅವರ ಲೆಕ್ಕ ತಪ್ಪಿತ್ತಾ? ಎಲ್ಲಿ ತಪ್ಪಿತ್ತು, ಅದು ಈಗ ನಿಮ್ಮ ಜೇಬಲ್ಲೇ ಇದೆಯಲ್ಲ! ಇಟ್ಕೊಂಡು ಏನ್ಮಾಡ್ತಿದೀರಿ? ಆಫೀಸಿನ ಮೀಟಿಂಗಲ್ಲಿ ‘ನೆಟ್‌ವರ್ಕ್ ವೀಕು ಸಾರ್’ ಅಂತ ಕ್ಯಾಮೆರಾ ಆಫ್. (ಮೇಲೆ ಇಸ್ತ್ರಿ ಶರ್ಟು, ಕೆಳಗೆ ಪಟ್ಟಾಪಟ್ಟಿ. ನಂಗೊತ್ತಿಲ್ವಾ?) ನಮ್ಮ ಚಿಕ್ಕಮ್ಮ ಕಡೂರಿಂದ ವಿಡಿಯೋ ಕಾಲ್ ಮಾಡಿದ್ರೆ ನನಗೆ ಕಾಣೋದು ಅರ್ಧ ಹಣೆ, ಕುಂಕುಮ, ತಲೆ ಮೇಲೆ ತಿರುಗೋ ಫ್ಯಾನು. ‘ಫೋನ್ ಕೆಳಗಿಳಿಸಿ ಚಿಕ್ಕಮ್ಮಾ’ ಅಂದ್ರೆ ಹಣೆಯೂ ಮಾಯ, ಬರೀ ಫ್ಯಾನು. ಇಷ್ಟು ಮೊದಲೇ ಯಂತ್ರ ಕಂಡ ಮಹಾನುಭಾವರಿಗೆ ಆ ಫ್ಯಾನು ಮಾತ್ರ ಕಾಣಲಿಲ್ಲ ನೋಡಿ.

ಯಂತ್ರ ಊಹಿಸಬಹುದು ಕಣ್ರೀ, ನಿಮ್ಮನ್ನ ಊಹಿಸೋದು ಹ್ಯಾಗೆ? ಡೇವಿಡ್ ಕಾಲಿಂಗ್ರಿಜ್ ಅನ್ನೋ ವಿದ್ವಾಂಸ 1980ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ಬರೆದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಗಾದೆ ನಮಗೆ ಗೊತ್ತಲ್ಲ? ಅವನ ತಕರಾರು ಒಂದು ಹೆಜ್ಜೆ ಮುಂದೆ. ಗಿಡ ಇದ್ದಾಗ ಬಗ್ಗುತ್ತೆ, ನಿಜ, ಆದರೆ ಯಾವ ಕಡೆ ಬಗ್ಗಿಸ್ಬೇಕು ಅಂತ ಆಗ ಗೊತ್ತಿರೋದಿಲ್ಲ. ಗೊತ್ತಾಗೋ ಹೊತ್ತಿಗೆ ಅದು ಮರ.

ಸ್ಕ್ಯಾನಿಂಗ್ ವಿಷ್ಯಾನೇ ತಗೊಳ್ಳಿ. (ಇಲ್ಲಿ ನಗು ಸ್ವಲ್ಪ ಬದಿಗಿಡೋಣ.) ಹೊಟ್ಟೆಯೊಳಗಿನ ಕೂಸು ಆರಾಮಿದೆಯಾ ಅಂತ ನೋಡೋಕೆ ಬಂದ ಯಂತ್ರ. ‘ಗಂಡೋ, ಹೆಣ್ಣೋ?’ ಅಂತ ಅದನ್ನ ಕೇಳಿದವರು ಯಾರು? ನಾವೇ, ಅಕ್ಷತೆ ಹಾಕಿ ಹರಸೋ ಕೈಗಳೇ. ಹಾಗೆ ಕೇಳಬಾರದು ಅಂತ 1994ರಲ್ಲಿ ಕಾಯ್ದೆ ಬಂತು, ಪ್ರತಿ ಸ್ಕ್ಯಾನಿಂಗ್ ಸೆಂಟರಲ್ಲೂ ಬೋರ್ಡು ಬಂತು. ಆದ್ರೂ 2023ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಆ ಪರೀಕ್ಷೆ ಎಲ್ಲಿ ನಡೀತಿತ್ತು ಅಂತ ಬಯಲಾಯ್ತು ನೆನಪಿದೆಯಾ? ಆಲೆಮನೆಯಲ್ಲಿ! ಬೆಲ್ಲ ಕಾಯಿಸೋ ಜಾಗದಲ್ಲಿ. ಯಾವ ತಜ್ಞ, ಯಾವ ವರದಿಯಲ್ಲಿ ಆ ಆಲೆಮನೆಯನ್ನ ಊಹಿಸಿದ್ದಾನು ಹೇಳಿ.

ಸರಿ, ಮತ್ತೆ ನಿಮ್ಮ ವಿಷ್ಯಕ್ಕೆ ಬರ್ತೀನಿ. (ತಪ್ಪಿಸ್ಕೊಂಡೆ ಅಂದ್ಕೊಂಡ್ರಾ?) ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ವಯಸ್ಸಲ್ಲಿ ನಮಗೆ ಅಟ್ಟದ ಮೆಟ್ಟಿಲು ಹತ್ತೋದೇ ಕಷ್ಟ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿಂದ, ಖಾಸಗಿತನ ಮೂಲಭೂತ ಹಕ್ಕು ಅಂದ್ರು.

ಆ ಹಕ್ಕನ್ನ ನೀವು ಹ್ಯಾಗೆ ಕಾಪಾಡ್ತಿದೀರಿ? ಸೂಪರ್‌ಮಾರ್ಕೆಟ್ಟಲ್ಲಿ ಕಾಲು ಕೆಜಿ ತೊಗರಿಬೇಳೆ ತಗೊಂಡು, ‘ನಂಬರ್ ಹೇಳಿ ಸಾರ್’ ಅಂದ ಕೂಡ್ಲೇ ಹತ್ತೂ ಅಂಕಿ ಹೇಳ್ತೀರಿ. ಅದೂ ಹಿಂದಿನ ಕ್ಯೂಗೆಲ್ಲ ಕೇಳೋ ಹಾಗೆ. ಜೆರಾಕ್ಸ್ ಅಂಗಡಿಯವನಿಗೆ ಆಧಾರ್ ಫೋಟೋ ವಾಟ್ಸ್ಯಾಪ್ ಮಾಡ್ತೀರಿ. ಅವನ ಕಂಪ್ಯೂಟರಲ್ಲಿ ನಿಮ್ಮ ಮುಖ, ಪಕ್ಕದ್ಮನೆಯವರ ಮ್ಯಾರೇಜ್ ಸರ್ಟಿಫಿಕೇಟು, ಯಾರದೋ ಪಹಣಿ ಎಲ್ಲಾ ಒಂದೇ ಸಾಲಲ್ಲಿ ಕೂತಿವೆ. ಟಾರ್ಚ್ ಆ್ಯಪು ನಿಮ್ಮ ಕಾಂಟ್ಯಾಕ್ಟ್ಸ್ ಕೇಳಿದ್ರೆ ‘ಅಲೌ’. ದೀಪ ಹಚ್ಚೋಕೆ ಅದಕ್ಕೆ ನಿಮ್ಮ ಬೀಗರ ನಂಬರ್ ಯಾಕ್ರೀ? ಇಷ್ಟೆಲ್ಲಾ ಮಾಡಿ, ಸಂಜೆ ಟೀ ಕುಡೀತಾ, ‘ಈ ಎಐ ಬಂದು ಮನುಷ್ಯನ ನೈತಿಕತೆ ಹಾಳಾಯ್ತು’ ಅಂತ ನಿಟ್ಟುಸಿರು.

ನಾನೇನು ಸಾಚಾ ಅಂದ್ಕೋಬೇಡಿ. ಇದನ್ನ ಬರೀತಾ ಇರೋವಾಗ್ಲೇ ಫೋನಲ್ಲೊಂದು ನೋಟೀಸು ಬಂತು: ನಮ್ಮ ಷರತ್ತುಗಳು ಬದಲಾಗಿವೆ, ಓದಿ ಒಪ್ಪಿಕೊಳ್ಳಿ ಅಂತ. ಓದೋಣ ಅಂತಲೇ ಕನ್ನಡಕ ಹುಡುಕಿದೆ. ಸಿಗಲಿಲ್ಲ. ಒಪ್ಪಿಕೊಂಡೆ.

ಒಂದ್ನಿಮಿಷ ಇರಿ, ಚಿಕ್ಕಮ್ಮನ ವಿಡಿಯೋ ಕಾಲು. ಅಯ್ಯೋ, ಫ್ಯಾನು ನಿಂತಿದೆ. ಕಡೂರಲ್ಲಿ ಕರೆಂಟ್ ಇಲ್ಲ ಅಂತ ಕಾಣುತ್ತೆ.