ಮುಟ್ಟದೆ ಮಾಡಿದ ಕೋವಿ ರಿಪೇರಿ

ಅತ್ತೆಯವರ ಯೋಗಾ ಮ್ಯಾಟ್ ಕತ್ತರಿಸಿದವರು ಯಾರು ಎಂಬ ವಿಚಾರಣೆ ಡಲ್ಲಾಸಿನ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಗೆರೆ ಎಳೆದವಳು ಮಗಳು, ಕತ್ತರಿ ಆಡಿಸಿದವರು ನನ್ನ ಗಂಡ. ಅಪ್ಪಣೆ ಕೊಟ್ಟ ಮಾವ ಮಾತ್ರ "ನಾನೇನೂ ಮುಟ್ಟಿಲ್ಲಪ್ಪ" ಎಂದು ಎರಡೂ ಅಂಗೈ ತೋರಿಸುತ್ತಾರೆ.

ಮುಟ್ಟಿಲ್ಲ ಎನ್ನುವುದು ನಿಜವೇ. ಮ್ಯಾಟನ್ನಷ್ಟೇ ಅಲ್ಲ, ಯಾವ ಕೋವಿಗಾಗಿ ಅದನ್ನು ಕತ್ತರಿಸಿದೆವೋ ಆ ಕೋವಿಯನ್ನೂ ಮುಟ್ಟಿಲ್ಲ. ಕೊಡಗಿನ ವಿರಾಜಪೇಟೆಯಲ್ಲಿ ಮಾವನ ಕೋವಿಗೆ ಲೈಸೆನ್ಸೇ ಬೇಡ. ಕೊಡವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಹೂ ಮುಡಿಸಿ ಪೂಜೆ, ಸುಗ್ಗಿಯ ಹುತ್ತರಿಯಲ್ಲಿ ಕದಿರು ತೆಗೆದಾಗ ಆಕಾಶಕ್ಕೆ ಈಡು. ಇಂಥವರು ಟೆಕ್ಸಾಸಿಗೆ ಬಂದಿಳಿದರೆ, ಪ್ರವಾಸಿ ವೀಸಾದವರು ಬೇಟೆ ಪರವಾನಗಿಯಂಥ ಒಂದೆರಡು ವಿನಾಯಿತಿ ಬಿಟ್ಟು ಬಂದೂಕು ಹಿಡಿಯುವಂತಿಲ್ಲ ಎನ್ನುತ್ತದೆ ಅಮೆರಿಕದ ಕಾನೂನು! ಮಗನ ಬಾಯಿಂದ ಇದನ್ನು ಕೇಳಿದ ಮೇಲೆ ಮಾವ ಬಂದೂಕಿನ ಬೀರುವಿನ ಮುಂದೆ ಹಾದುಹೋಗುವಾಗಲೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಬೀರುವಿಗೆ ಬೀಗ ಇದೆ, ಬಿಡಿ.

ಮಗಳ ಶೂಟಿಂಗ್ ಕ್ಲಬ್ಬಿಗೆಂದು ತಂದ .22 ರೈಫಲ್ಲಿನ ಮೇಲೆ ಅವಳದು ಒಂದೇ ದೂರು, ಕೆನ್ನೆ ಊರುವುದಿಲ್ಲ ಅಂತ. ಮರದ ಹಿಡಿ, ಅಂದರೆ ಸ್ಟಾಕ್, ಮಾಡಿರುವುದು ಬರಿಗಣ್ಣಿನ ಗುರಿಗೆ. ಮೇಲೆ ಕೂರಿಸಿದ ದುರ್ಬೀನು ಅದಕ್ಕಿಂತ ಎತ್ತರ. ಕಣ್ಣು ದುರ್ಬೀನಿಗೆ ಹೊಂದಿದರೆ ಕೆನ್ನೆ ಗಾಳಿಯಲ್ಲಿ, ಗದ್ದ ಮರದ ಮೇಲೆ. ಪ್ರತಿ ಸಲವೂ ತಲೆ ಬೇರೆ ಕಡೆ ನಿಂತರೆ ಗುಂಡೂ ಬೇರೆ ಕಡೆ ಹೋಗುತ್ತದೆ. ಎತ್ತರ ಹೊಂದಿಸಿಕೊಳ್ಳುವ ಹೊಸ ಸ್ಟಾಕಿಗೆ ಇನ್ನೂರು ಡಾಲರ್ ಎಂದು ಗಂಡ ಅಂದದ್ದೇ ತಡ, ಮಾವ ಎದ್ದು ನಿಂತರು.

"ಕೆನ್ನೆ ಇಡೋದಕ್ಕೆ ಇನ್ನೂರು ಡಾಲರಾ? ಮನೇಲಿ ಸ್ಪಂಜಿಲ್ವಾ?"

ಸ್ಪಂಜು ಅತ್ತೆಯ ಕಾಲ ಕೆಳಗಿತ್ತು.

ಮಗಳು ಬೋಲ್ಟ್ ತೆರೆದು, ತೋಟೆ ಇಲ್ಲವೆಂದು ನೋಡಿ, ತೋರಿಸಿ, ಮತ್ತೆ ನೋಡಿದಳು. ಮಾವ ಮಾರು ದೂರದಲ್ಲಿ ಕೈಕಟ್ಟಿ ನಿಂತು ಗದ್ದದಿಂದಲೇ ದಿಕ್ಕು ತೋರಿಸಿದರು. "ಕುಂಞಿ, ಕಣ್ಣು ಮುಚ್ಚು. ಭುಜಕ್ಕೆ ತಗೋ. ಕೆನ್ನೆ ಊರು. ಈಗ ಕಣ್ಣು ತೆಗಿ. ಏನು ಕಾಣುತ್ತೆ?" "ಅರ್ಧ ಚಂದ್ರ, ತಾತ." "ಇನ್ನೊಂದು ಪಟ್ಟಿ ಇಡು!" ಪೂರ್ಣಚಂದ್ರ ಕಾಣುವ ತನಕ ಮರದ ಹಿಡಿಗೆ ಸ್ಪಂಜಿನ ಪಟ್ಟಿಯ ಮೇಲೆ ಪಟ್ಟಿ ಏರಿತು, ಮ್ಯಾಟ್ ಕ್ಷೀಣಿಸಿತು.

ಬಾಯಿಮಾತು ಸಾಲದಾದಾಗ ಮಾವ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಎತ್ತಿಕೊಂಡರು. ಅದಕ್ಕೆ ವೀಸಾದ ಅಡ್ಡಿಯಿಲ್ಲ. ಭುಜಕ್ಕೆ ಒತ್ತಿ, ಕೆನ್ನೆ ಊರಿ, ಕಣ್ಣು ಮುಚ್ಚಿ ನಿಂತರು. ನಿಂತೇ ಇದ್ದರು. ಫ್ರಿಜ್ಜಿನ ಕಡೆಗೆ ಗುರಿ. ಬಹುಶಃ ಅಲ್ಲಿ ಕಾಡುಹಂದಿ ಕಂಡಿರಬೇಕು. ಯಾರೂ ಉಸಿರೆತ್ತಲಿಲ್ಲ. ಆಗ ಒಳಬಂದ ಅತ್ತೆ ಹೇಳಿದರು:

"ಹಾಗೇ ಸೋಫಾ ಕೆಳಗೂ ಒಂದು ಈಡು ಹೊಡೀರಿ. ಧೂಳಿದೆ."

ನಗುವಿನ ಗಲಾಟೆಯಲ್ಲಿ ಮಗಳು ಬೋಲ್ಟ್ ಎಳೆದರೆ ಅದು ಸ್ಪಂಜಿಗೆ ಬಡಿದು ಅರ್ಧಕ್ಕೇ ನಿಂತಿತು. "ಹಿಂದೆ! ಹಿಂದೆ ಸರಿಸಿ!" ಎಂದು ಮಾವ ಕೂಗಿದ ರಭಸಕ್ಕೆ ಗಂಡನೇ ಎರಡು ಹೆಜ್ಜೆ ಹಿಂದೆ ಸರಿದರು. ಸ್ಪಂಜನ್ನು ಹಿಂದಕ್ಕೆ ತಳ್ಳಿ, ಮೇಲೆ ಪ್ರಾಣಿಗಳ ಗಾಯಕ್ಕೆ ಸುತ್ತುವ, ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜು ಬಿಗಿದದ್ದಾಯಿತು. ಬಣ್ಣ ಆರಿಸಿದವಳು ಮಗಳು: ಗಾಢ ಗುಲಾಬಿ. ಮಾವ ಬಹಳ ಹೊತ್ತು ನೋಡಿ, "ಗಾಯ ದೊಡ್ಡದೇ ಆಗಿದೆ" ಅಂದರು. ಆದರೆ ಅವಳು ಕೆನ್ನೆ ಊರಿ ಒಂದೇ ಸಲಕ್ಕೆ "ಪೂರ್ತಿ ಕಾಣ್ತಿದೆ ತಾತ!" ಎಂದಾಗ, ಬೆನ್ನ ಹಿಂದೆ ಕಟ್ಟಿದ್ದ ಆ ಕೈಗಳು ತಾವಾಗಿಯೇ ಬಿಚ್ಚಿಕೊಂಡು ಅವಳ ಮೊಣಕೈ ಸರಿಪಡಿಸಲು ಹೊರಟವು. ಅರ್ಧ ದಾರಿಯಲ್ಲಿ ಕಾನೂನು ನೆನಪಾಗಿ ವಾಪಸಾದವು.

ಅತ್ತೆ ಈಗ ಶವಾಸನ ಹಾಕಿದರೆ ತಲೆ ಕಾರ್ಪೆಟ್ಟಿನ ಮೇಲೆ. ಹೊಸ ಮ್ಯಾಟ್ ಬರುವವರೆಗೆ ಅಕ್ಕಿ ರೊಟ್ಟಿ ಇಲ್ಲವೆಂದು ಮಧ್ಯಂತರ ತೀರ್ಪಾಗಿದೆ.

ಮಾವ ಅದಕ್ಕೆಲ್ಲ ಜಗ್ಗುವವರಲ್ಲ. ನಿನ್ನೆ ರಾತ್ರಿ ಊರಿನ ತಮ್ಮನಿಗೆ ಫೋನಿನಲ್ಲಿ, "ಇಲ್ಲಿನವರಿಗೆ ಏನೂ ಗೊತ್ತಿಲ್ಲ, ಇಡೀ ಕೋವಿ ನಾನೇ ಸರಿ ಮಾಡಿಕೊಟ್ಟೆ" ಎನ್ನುತ್ತಿದ್ದರು. ಸ್ಪೀಕರಿನಲ್ಲಿ ಆ ಕಡೆಯ ದನಿ ಸ್ಪಷ್ಟವಾಗಿ ಕೇಳಿತು: "ಹೊಡೆದು ನೋಡಿದ್ಯಾ ಅಣ್ಣ?"

"ಹಲೋ? ಹಲೋ? ಅಲ್ಲಿ ಮಳೆ ಜೋರು ಅಂತ ಕಾಣುತ್ತೆ, ಏನೂ ಕೇಳಿಸ್ತಿಲ್ಲ" ಎಂದು ಮಾವ ಫೋನ್ ಇಟ್ಟರು.