ಮೀಟರ್ ಸೊನ್ನೆ ತೋರಿಸಿದರೆ ಬ್ಯಾಟರಿ ಸತ್ತಂತಲ್ಲ
ಲಾರಿಗಳಿಗೆ ಸೋಲಾರ್ ಕೂರಿಸಿಕೊಡುವವರಿಗೆ ಒಂದು ಬಹಿರಂಗ ಪತ್ರ

ಲಾರಿ ಕ್ಯಾಬಿನ್‌ಗಳಿಗೆ ಸೋಲಾರ್ ಪ್ಯಾನೆಲ್, ಲಿಥಿಯಂ ಬ್ಯಾಟರಿ ಕೂರಿಸಿಕೊಡುವ ಅಂಗಡಿಯವರಿಗೆ, ಹೆದ್ದಾರಿ ಪಕ್ಕದ ಆಟೋ ಎಲೆಕ್ಟ್ರಿಷಿಯನ್ ಅಣ್ಣತಮ್ಮಂದಿರಿಗೆ,

ನಾನು ಐಟಿಐ ಒಂದರಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಹುಡುಗರಿಗೆ ಪಾಠ ಹೇಳುವವನು. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಲಾರಿ ಓಡಿಸುತ್ತಾರೆ. ಹತ್ತು ಚಕ್ರದ ಸ್ವಂತ ಗಾಡಿ, ಸಾಲ ಇನ್ನೂ ತೀರಿಲ್ಲ. ಹುಬ್ಬಳ್ಳಿ ಕಡೆಯಿಂದ ಈರುಳ್ಳಿ ತುಂಬಿಕೊಂಡು ಯಶವಂತಪುರಕ್ಕೆ ಬರುತ್ತಾರೆ. ಇಳಿಸುವ ಸರದಿಗೆ ಒಮ್ಮೊಮ್ಮೆ ರಾತ್ರಿಯೆಲ್ಲ ಕಾಯಬೇಕು. ಗಾಡಿಯ ಬ್ಯಾಟರಿಯಲ್ಲೇ ಫ್ಯಾನ್ ಹಾಕಿ ಮಲಗಿದರೆ ಬೆಳಿಗ್ಗೆ ಸೆಲ್ಫ್ ಹೊಡೆಯುತ್ತದೋ ಇಲ್ಲವೋ ಎಂಬ ಭಯ. ಹಾಗಾಗಿ ಎಷ್ಟೋ ವರ್ಷ ಬೆವರಿನಲ್ಲಿ, ಸೊಳ್ಳೆಗಳ ನಡುವೆ ಮಲಗಿದರು. ಕಳೆದ ವರ್ಷ ನಿಮ್ಮಂಥವರೇ ಒಬ್ಬರು ಕ್ಯಾಬಿನ್ ತಲೆಯ ಮೇಲೆ 165 ವ್ಯಾಟಿನ ಪ್ಯಾನೆಲ್, ಸೀಟಿನ ಹಿಂದೆ 12.8 ವೋಲ್ಟ್ 100 ಆಂಪಿಯರ್ ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್, ಒಂದು ಸಣ್ಣ ಇನ್ವರ್ಟರ್ ಕೂರಿಸಿಕೊಟ್ಟರು. ಫ್ಯಾನ್ ತಿರುಗಿತು, ಲೈಟ್ ಉರಿಯಿತು, ಮೊಬೈಲ್ ಚಾರ್ಜ್ ಆಯಿತು. ರಾತ್ರಿ ಕಣ್ತುಂಬ ನಿದ್ದೆ ಮಾಡಿದ ಡ್ರೈವರ್ ಹಗಲು ಹೇಗೆ ಗಾಡಿ ಓಡಿಸುತ್ತಾನೆ ಅನ್ನುವುದು ನಿಮಗೆ ಗೊತ್ತಿರುವ ಮಾತೇ. ನಿಮ್ಮ ಕೆಲಸದ ಬಗ್ಗೆ ನನಗೆ ಗೌರವವಿದೆ. ಆ ಗೌರವದಿಂದಲೇ ಈ ಪತ್ರ.

ಈ ಬೇಸಿಗೆಯಲ್ಲಿ ಭಾವನ ಮಗಳ ಮದುವೆ. ಲಾರಿ ಒಂಬತ್ತು ದಿನ ಊರಿನ ಹುಣಸೆ ಮರದ ಕೆಳಗೆ ನಿಂತಿತ್ತು. ಮದುವೆ ಮುಗಿಸಿ ಗಾಡಿ ಹತ್ತಿ ನೋಡಿದರೆ ಫ್ಯಾನ್ ಇಲ್ಲ, ಲೈಟ್ ಇಲ್ಲ, ಕಂಟ್ರೋಲರ್‌ನ ಪರದೆ ಕಪ್ಪು. ದಾರಿಯಲ್ಲಿ ಒಂದು ಅಂಗಡಿಗೆ ತೋರಿಸಿದರು. ಅಲ್ಲಿಯವರು ಟರ್ಮಿನಲ್‌ಗೆ ಮೀಟರ್ ಇಟ್ಟು ನೋಡಿ, ‘ಹೋಯ್ತು ಯಜಮಾನ್ರೇ, ಸೆಲ್ ಸತ್ತಿದೆ, ಹೊಸದು ಹಾಕ್ಬೇಕು’ ಎಂದರು. ಹೊಸದಕ್ಕೆ 26,000 ರೂಪಾಯಿ. ಮದುವೆಯ ಖರ್ಚಿನ ಮೇಲೆ ಇದು. ಭಾವ ನನಗೆ ಫೋನ್ ಮಾಡಿದಾಗ ಅವರ ದನಿ ಕುಗ್ಗಿಹೋಗಿತ್ತು.

ಭಾನುವಾರ ಬೆಳಿಗ್ಗೆ ಗಾಡಿ ನಮ್ಮ ಮನೆ ಮುಂದೆ ಬಂತು. ನಾನೂ ಮೀಟರ್ ಇಟ್ಟೆ. 1.8 ವೋಲ್ಟ್. ಆಸಿಡ್ ಬ್ಯಾಟರಿಯಲ್ಲಿ ಇಷ್ಟು ಕಂಡಿದ್ದರೆ ನಾನೂ ಕೈಬಿಡುತ್ತಿದ್ದೆ. ಆದರೆ ಲಿಥಿಯಂ ಪೆಟ್ಟಿಗೆಯ ಟರ್ಮಿನಲ್‌ನಲ್ಲಿ ಕಾಣುವ ವೋಲ್ಟೇಜು ಸೆಲ್‌ನ ವೋಲ್ಟೇಜಲ್ಲ. ನಡುವೆ ಬಿಎಂಎಸ್ ಎಂಬ ಕಾವಲುಗಾರ ಕೂತಿದ್ದಾನೆ. ಒಳಗೆ 3.2 ವೋಲ್ಟಿನ ನಾಲ್ಕು ಸೆಲ್‌ಗಳು ಸಾಲಾಗಿವೆ. ಯಾವುದೇ ಒಂದು ಸೆಲ್ ಸುಮಾರು 2.5 ವೋಲ್ಟಿಗೆ ಇಳಿದರೆ ಈ ಕಾವಲುಗಾರ ಹೊರಹೋಗುವ ಬಾಗಿಲು ಮುಚ್ಚಿಬಿಡುತ್ತಾನೆ. ಆಮೇಲೆ ಹೊರಗಿನಿಂದ ಅಳೆದರೆ ಸೊನ್ನೆಯೋ, ಒಂದೋ ಎರಡೋ ವೋಲ್ಟೋ ಕಾಣುತ್ತದೆ. ಅದು ಸೋರಿಕೆಯ ವೋಲ್ಟೇಜು, ಅದರಿಂದ ಸೆಲ್‌ನ ಸ್ಥಿತಿ ಏನೂ ತಿಳಿಯುವುದಿಲ್ಲ.

ಪ್ಯಾನೆಲ್‌ನ ವೈರ್ ಬಿಚ್ಚಿ ಅಳೆದೆ. 21 ವೋಲ್ಟ್. ತಲೆಯ ಮೇಲೆ ಬಿಸಿಲು ಸುರಿಯುತ್ತಿದೆ, ಪ್ಯಾನೆಲ್ ಸರಿಯಿದೆ, ಬ್ಯಾಟರಿ ಹಸಿದು ಕೂತಿದೆ, ಆದರೂ ಒಂದು ಹನಿ ಕರೆಂಟ್ ಒಳಗೆ ಹೋಗುತ್ತಿಲ್ಲ. ಯಾಕೆಂದರೆ ನೀವು ಕೂರಿಸುವ ಬಹುಪಾಲು ಕಂಟ್ರೋಲರ್‌ಗಳು ಎಚ್ಚರಗೊಳ್ಳುವುದು ಬ್ಯಾಟರಿಯ ಕಡೆಯಿಂದ. ಬ್ಯಾಟರಿಯ ವೋಲ್ಟೇಜು ಕಂಡರೆ ಮಾತ್ರ ಅವು ಕೆಲಸ ಶುರು ಮಾಡುತ್ತವೆ. ಬ್ಯಾಟರಿ ಬಾಗಿಲು ಹಾಕಿಕೊಂಡಿದೆ, ಕಂಟ್ರೋಲರ್ ಬಾಗಿಲು ತೆರೆಯಲೆಂದು ಕಾಯುತ್ತಿದೆ. ಹೀಗೇ ಬಿಟ್ಟಿದ್ದರೆ ಎಷ್ಟು ದಿನ ಬಿಸಿಲು ಕಾದರೂ ಆ ಬ್ಯಾಟರಿ ಏಳುತ್ತಿರಲಿಲ್ಲ.

ಮೊದಲು ಎಲ್ಲ ಲೋಡ್ ಬಿಚ್ಚಿದೆ. ಬ್ಯಾಟರಿಯ ಮೈ ಮುಟ್ಟಿ ನೋಡಿದೆ. ಉಬ್ಬಿಲ್ಲ, ಬಿಸಿಯಿಲ್ಲ, ವಾಸನೆಯಿಲ್ಲ. ಇವುಗಳಲ್ಲಿ ಒಂದು ಇದ್ದಿದ್ದರೂ ಮುಂದುವರಿಯುತ್ತಿರಲಿಲ್ಲ. ಕಾಲೇಜಿನ ಲ್ಯಾಬ್‌ನಿಂದ ತಂದಿದ್ದ ಡಿಸಿ ಪವರ್ ಸಪ್ಲೈಯನ್ನು 14.4 ವೋಲ್ಟಿಗೆ, 2 ಆಂಪಿಯರ್‌ಗೆ ಮಿತಿ ಹಾಕಿ ಜೋಡಿಸಿದೆ. ಅದು ಬ್ಯಾಟರಿಯ ಅಪ್ಪಣೆಗೆ ಕಾಯುವುದಿಲ್ಲ, ಹೇಳಿದಷ್ಟು ವೋಲ್ಟೇಜ್ ಕೊಡುತ್ತದೆ. ನಮ್ಮ ಬ್ಯಾಟರಿಯಲ್ಲಿ ಮುಚ್ಚಿದ್ದುದು ಹೊರಹೋಗುವ ಬಾಗಿಲು ಮಾತ್ರ, ಒಳಬರುವ ಬಾಗಿಲು ತೆರೆದಿತ್ತು. ಮುಳ್ಳು ಅಲ್ಲಾಡಿತು. 2 ಆಂಪಿಯರ್ ಒಳಗೆ ಹರಿಯಿತು. ಐದು ನಿಮಿಷದಲ್ಲಿ ಬಿಎಂಎಸ್ ಎದ್ದಿತು. ಭಾವನ ಮೊಬೈಲಿನ ಆ್ಯಪ್‌ನಲ್ಲಿ ನಾಲ್ಕು ಸೆಲ್‌ಗಳೂ ಕಂಡವು: 2.71, 2.74, 2.69, 2.73. ನಾಲ್ಕೂ ಅಕ್ಕಪಕ್ಕದಲ್ಲೇ. ಭಾವ ಆ ಅಂಕಿಗಳನ್ನು ನೋಡುತ್ತಾ ಲಾರಿ ಮೆಟ್ಟಿಲ ಮೇಲೆ ಕೂತರು, ಕಾಫಿ ಆರಿಹೋಗುವವರೆಗೂ ಏಳಲಿಲ್ಲ.

ಒಂದು ಗಂಟೆ ಹಾಗೇ ಬಿಟ್ಟು, 12 ವೋಲ್ಟ್ ದಾಟಿದ ಮೇಲೆ 10 ಆಂಪಿಯರ್‌ಗೆ ಏರಿಸಿದೆ. ಸೆಲ್‌ಗಳು 2 ವೋಲ್ಟಿಗಿಂತ ಕೆಳಗೆ ಬಿದ್ದು ಬಹಳ ದಿನ ಇದ್ದಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಅಷ್ಟು ಆಳಕ್ಕೆ ಇಳಿದ ಸೆಲ್‌ನ ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಅಪಾಯವಿದೆ. ನೀವೂ ಅಂಥದ್ದನ್ನು ಎಬ್ಬಿಸಲು ಹೋಗಬೇಡಿ. ಇನ್ನೊಂದು ಮಾತು. ಲಾರಿಯದು 24 ವೋಲ್ಟಿನ ವ್ಯವಸ್ಥೆ, 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಅವಸರದಲ್ಲಿ ಜಂಪರ್ ಕೇಬಲ್ ಹಾಕಿ ಆ 24 ವೋಲ್ಟನ್ನು ಈ 12 ವೋಲ್ಟಿನ ಲಿಥಿಯಂಗೆ ಕೊಟ್ಟರೆ ಬಿಎಂಎಸ್ ಸುಟ್ಟುಹೋಗಬಹುದು, ಅದರ ಮುಂದಿನದನ್ನು ಹೇಳಲು ನನಗೆ ಮನಸ್ಸಿಲ್ಲ.

ಬ್ಯಾಟರಿ ತುಂಬಿದ ಮೇಲೆ 12 ವೋಲ್ಟಿನ ಎರಡು ಹೆಡ್‌ಲೈಟ್ ಬಲ್ಬ್ ಹಚ್ಚಿ ಷಂಟ್ ಮೀಟರ್‌ನಲ್ಲಿ ಅಳೆಯುತ್ತಾ ಖಾಲಿ ಮಾಡಿದೆ. ಸುಮಾರು ಹತ್ತು ಗಂಟೆ ಉರಿದವು. 12 ವೋಲ್ಟಿಗೆ ನಿಲ್ಲಿಸಿದಾಗ 93 ಆಂಪಿಯರ್ ಅವರ್ ಹೊರಬಂದಿತ್ತು. ನೂರರ ಬ್ಯಾಟರಿಯಲ್ಲಿ ತೊಂಬತ್ತಮೂರು. ಇದನ್ನೇ ‘ಸತ್ತಿದೆ’ ಎಂದಿದ್ದು.

ಇನ್ನು ಅದನ್ನು ಬರಿದು ಮಾಡಿದ್ದು ಯಾವುದು ಎಂದು ಹುಡುಕಬೇಕಿತ್ತು. ಎಬ್ಬಿಸಿ ಬಿಟ್ಟರೆ ಅದೇ ಕಥೆ ಮುಂದಿನ ತಿಂಗಳು ಮತ್ತೆ. ನೆಗೆಟಿವ್ ವೈರಿನಲ್ಲಿ ಆಂಪಿಯರ್ ಮೀಟರ್ ಸೇರಿಸಿ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋದೆ. ಫ್ಯಾನ್ ಆಫ್, ಲೈಟ್ ಆಫ್, ಆದರೂ 0.9 ಆಂಪಿಯರ್. ಸೀಟಿನ ಕೆಳಗೆ ಬಗ್ಗಿ ನೋಡಿದರೆ ಇನ್ವರ್ಟರ್‌ನ ಹಸಿರು ದೀಪ. ಮದುವೆಗೆ ಮುಂಚೆ ಯಾರೋ ಮೊಬೈಲ್ ಚಾರ್ಜ್‌ಗೆ ಹಾಕಿ ಅದನ್ನು ಆಫ್ ಮಾಡಿರಲಿಲ್ಲ. ಏನೂ ಲೋಡ್ ಇಲ್ಲದೆ, ಬರೀ ಎಚ್ಚರವಾಗಿರುವುದಕ್ಕೇ ಅದು ಗಂಟೆಗೆ 0.9 ಆಂಪಿಯರ್ ಅವರ್ ತಿನ್ನುತ್ತದೆ. ದಿನಕ್ಕೆ 21.6. ನೂರರ ಬ್ಯಾಟರಿ ಐದು ದಿನಕ್ಕೆ ಮೊದಲೇ ಬರಿದು. ಗಾಡಿ ನಿಂತಿದ್ದು ಒಂಬತ್ತು ದಿನ.

‘ದಿನಾ ಬಿಸಿಲು ಬರುತ್ತಿತ್ತಲ್ಲ’ ಎಂದರು ಭಾವ. ಪ್ಯಾನೆಲ್‌ನ ಮೇಲೆ ಮರದ ನೆರಳಿತ್ತು, ಜೊತೆಗೆ ಮಡಚಿಟ್ಟ ಟಾರ್ಪಾಲಿನ ಒಂದು ಅಂಚು ಗೇಣುದ್ದ ಇಳಿಬಿದ್ದಿತ್ತು. 36 ಸೆಲ್‌ಗಳ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಎರಡು ಬೈಪಾಸ್ ಡಯೋಡ್ ಇರುತ್ತವೆ. ಒಂದು ಭಾಗಕ್ಕೆ ಗಟ್ಟಿ ನೆರಳು ಬಿದ್ದರೆ ಅರ್ಧ ಪ್ಯಾನೆಲ್ಲೇ ಪಕ್ಕಕ್ಕೆ ಸರಿಯುತ್ತದೆ. ಉಳಿದರ್ಧದ ವೋಲ್ಟೇಜು 12 ವೋಲ್ಟಿನ ಬ್ಯಾಟರಿಗೆ ಸಾಲುವುದಿಲ್ಲ. ಗೇಣು ನೆರಳಿಗೆ ಇಡೀ ಚಾರ್ಜಿಂಗ್ ನಿಂತಿತು.

ಆದರೆ ನನಗೆ ನಿಜವಾಗಿ ನೋವಾದದ್ದು ಸೆಟ್ಟಿಂಗ್ ನೋಡಿದಾಗ. ಕಂಟ್ರೋಲರ್ ಆಸಿಡ್ ಬ್ಯಾಟರಿಯ ಸೆಟ್ಟಿಂಗ್‌ನಲ್ಲೇ ಇತ್ತು. ಇನ್ವರ್ಟರ್‌ಗೆ ಲೋಡ್ ಟರ್ಮಿನಲ್ ಬಿಟ್ಟು ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದಿದ್ದರು. ದೊಡ್ಡ ಲೋಡ್‌ಗೆ ಅದು ಸರಿ. ಆದರೆ ಇನ್ವರ್ಟರ್‌ನ ಕಟ್ ಆಫ್ 10.5 ವೋಲ್ಟ್. ನಾಲ್ಕು ಲಿಥಿಯಂ ಸೆಲ್‌ಗೆ ಹಂಚಿದರೆ ಒಂದಕ್ಕೆ 2.6 ಸುಮಾರು. ಬಿಎಂಎಸ್ ಬಾಗಿಲು ಮುಚ್ಚುವ ಅಂಚು ಅದೇ. ಇನ್ವರ್ಟರ್ ನಿಲ್ಲುವ ಹೊತ್ತಿಗೆ ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ. 12 ವೋಲ್ಟಿಗೇ ಲೋಡ್ ಕತ್ತರಿಸುವ ಒಂದು ರಿಲೇ ಹಾಕಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ.

ಕ್ಯಾಬಿನ್‌ನಲ್ಲಿ ಹಸಿರು, ಹಳದಿ, ಕೆಂಪು ದೀಪದ ಒಂದು ವೋಲ್ಟ್‌ಮೀಟರ್ ಕೂಡ ಹಾಕಿಕೊಟ್ಟಿದ್ದರು. ಆಸಿಡ್ ಬ್ಯಾಟರಿಗೆ ಅದು ಒಳ್ಳೆಯ ಸಾಧನ, 12.2 ಕಂಡರೆ ಅರ್ಧ ಖಾಲಿ ಎಂದು ತಿಳಿಯುತ್ತದೆ. ಲಿಥಿಯಂ ಫಾಸ್ಫೇಟ್ ಹಾಗಲ್ಲ. ಮುಕ್ಕಾಲು ಪಾಲು ಬಳಸಿದರೂ 13ರ ಆಸುಪಾಸಿನಲ್ಲೇ ನಿಂತಿರುತ್ತದೆ, ಕೊನೆಯಲ್ಲಿ ಒಮ್ಮೆಲೇ ಬೀಳುತ್ತದೆ. ಹಸಿರು ದೀಪ ನೋಡಿ ಡ್ರೈವರ್ ನೆಮ್ಮದಿಯಿಂದಿರುತ್ತಾನೆ. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುವ ಷಂಟ್ ಮೀಟರ್ ಇದಕ್ಕೆ ಬೇಕು.

ನಮ್ಮ ಹುಡುಗರಿಗೆ ಈ ಬ್ಯಾಟರಿಯ ಪಾಠ ಮಾಡುವಾಗ ನಾನು ಒಂದು ಪ್ರಬಂಧದ ಹೆಸರು ಹೇಳುತ್ತೇನೆ. ಈ ಫಾಸ್ಫೇಟ್ ವಸ್ತುವನ್ನು ಲಿಥಿಯಂ ಬ್ಯಾಟರಿಗೆ ತಂದ 1997ರ ಪ್ರಬಂಧ ಅದು. ಬರೆದವರು ಮೂವರು: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ, ಜೆ. ಬಿ. ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ನಂಜುಂಡಸ್ವಾಮಿ ಎಂಬ ಹೆಸರು ಬಂದಾಗ ಹುಡುಗರ ಮುಖ ಅರಳುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆದರೆ ಭಾವನಿಗೆ ಬ್ಯಾಟರಿಯ ಜೊತೆ ಕೊಟ್ಟ ಪುಸ್ತಕ ಇಂಗ್ಲಿಷಿನಲ್ಲೂ ಚೀನೀ ಭಾಷೆಯಲ್ಲೂ ಇತ್ತು. ಕನ್ನಡದ ಒಂದು ಸಾಲೂ ಇರಲಿಲ್ಲ. ಏಳನೇ ಕ್ಲಾಸು ಓದಿದ ಭಾವ ಅದನ್ನು ಡ್ಯಾಶ್‌ಬೋರ್ಡ್‌ನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬ್ಯಾಟರಿ ಕೂರಿಸಿದ ದಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ. ಗಾಡಿ ನಿಲ್ಲಿಸುವಾಗ ಇನ್ವರ್ಟರ್ ಆಫ್ ಮಾಡಿ ಎಂದು ಬರೆಯಿರಿ. ವೈರ್ ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ; ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಎಂದು ಬರೆಯಿರಿ. ಸೇಬು ತುಂಬಲು ಕಾಶ್ಮೀರದವರೆಗೆ ಹೋಗುವ ಗಾಡಿಗಳಿಗೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಗೆ ಚಾರ್ಜ್ ಕೊಡಬಾರದು ಎಂದೂ ಸೇರಿಸಿ. ಪೂರ್ತಿ ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಇಡದೆ ಕೂಡಲೇ ತನ್ನಿ ಎಂದು ಹೇಳಿ, ಬಾಗಿಲು ಮುಚ್ಚಿದ ಮೇಲೂ ಬಿಎಂಎಸ್ ತನ್ನ ಪಾಲಿನ ಮಿಲಿಆಂಪಿಯರ್ ತಿನ್ನುತ್ತಲೇ ಇರುತ್ತದೆ. ನಿಮ್ಮ ಅಂಗಡಿಯಲ್ಲಿ ಕರೆಂಟಿಗೆ ಮಿತಿ ಹಾಕಬಲ್ಲ ಒಂದು ಪವರ್ ಸಪ್ಲೈ ಇಟ್ಟುಕೊಳ್ಳಿ. ನಿಜವಾಗಿ ಸತ್ತ ಬ್ಯಾಟರಿ ಬಂದರೆ ಗುಜರಿಗೆ ಹಾಕಬೇಡಿ, ತಯಾರಕರಿಗೇ ಹಿಂತಿರುಗಿಸಿ. ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮ ಅವರ ಮೇಲೆ ಹಾಕಿದೆ.

ಚೀಟಿಯನ್ನು ನಾನೇ ಬರೆದು ಕೊಡಲು ಸಿದ್ಧ. ಭಾವನ ಪೆಟ್ಟಿಗೆಯ ಮೇಲೆ ಆಗಲೇ ಅಂಟಿಸಿದ್ದೇನೆ. ಅದೇ ಬ್ಯಾಟರಿ ಈಗಲೂ ಅವರ ಸೀಟಿನ ಹಿಂದಿದೆ, ನಿನ್ನೆ ರಾತ್ರಿ ಯಶವಂತಪುರದಲ್ಲಿ ಬೆಳಗಿನವರೆಗೆ ಫ್ಯಾನ್ ತಿರುಗಿಸಿದೆ.

ಇಂತಿ ನಿಮ್ಮವನೇ,
ಒಬ್ಬ ಐಟಿಐ ಮೇಷ್ಟ್ರು